ಹಂಡೆ, ಬಿದಿರು ಮತ್ತು ಹಿಸಾಬ್ ಮಾಸ್ತರರು

ಮೊನ್ನೆ ಸಿಂಧನೂರಿನಲ್ಲಿ ಗೆಳೆಯರೊಬ್ಬರ ಮೊಮ್ಮಗಳ ಮದುವೆ. ಊಟದ ಚಪ್ಪರದ ಹಿಂದೆ ನಾನು, ಆ ಗೆಳೆಯರು, ಅವರ ಬೀಗರು ಕುರ್ಚಿ ಹಾಕಿಕೊಂಡು ಕೂತಿದ್ದೆವು. ಒಲೆಯಿಂದ ಇಳಿಸಿದ ಅನ್ನದ ಹಂಡೆಗೆ ಹಗ್ಗ ಕಟ್ಟಿ, ಹಗ್ಗದೊಳಗೆ ಬಿದಿರು ತೂರಿಸಿ, ಇಬ್ಬರು ಹೆಗಲ ಮೇಲೆ ಹೊತ್ತು ಬಂದರು. ಗಂಜಿಯ ಬಿಸಿ ವಾಸನೆ ಮುಖಕ್ಕೆ ಬಡಿಯಿತು. ಅಷ್ಟರಲ್ಲಿ ಹಂಡೆ ಹಿಂದಕ್ಕೆ ಜಾರಿತು. "ಲೇ, ಎಲ್ಲಾ ನನ್ನ ಮ್ಯಾಗ ಬಂತಲೇ! ನೀ ಏನು ಮದಿಮಗನಂಗ ಕೈ ಬೀಸ್ಕೋತ ಹೊಂಟಿ!" ಎಂದು ಹಿಂದಿನವನು ಕೂಗಿದ. ಎಲ್ಲರೂ ನಕ್ಕರು. ನನಗೆ ಹಿಸಾಬ್ ಮಾಸ್ತರರು ನೆನಪಾದರು...

ನಿಜಾಮರ ಆಳ್ವಿಕೆ ಮುಗಿದ ಹೊಸತರಲ್ಲಿ ನಾನು ಮಸ್ಕಿಯಿಂದ ಲಿಂಗಸುಗೂರಿನ ಶಾಲೆಗೆ ಕನ್ನಡ ಪಂಡಿತನಾಗಿ ಹೋದೆ. ಅಲ್ಲಿಯವರೆಗೆ ಪಾಠವೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. ಇನ್ನು ಕನ್ನಡದಲ್ಲಿ ಆಗಬೇಕೆಂದು ಹುಕುಂ ಬಂತು. ಅಲ್ಲಿ ಲೆಕ್ಕ ಕಲಿಸುತ್ತಿದ್ದ ಹಿಸಾಬ್ ಮಾಸ್ತರರು ಮನೆಯಲ್ಲಿ ದಖನಿ, ಓಣಿಯಲ್ಲಿ ನಮ್ಮಂಥದೇ ಕನ್ನಡ ಆಡುವವರು. ಆದರೆ ಲೆಕ್ಕವೆಲ್ಲ ಅವರ ತಲೆಯೊಳಗೆ ಉರ್ದುವಿನಲ್ಲಿಯೇ ಇತ್ತು. ಕನ್ನಡ ಬರೆಯಲು ಬಾರದು. ಇನ್ಸ್‌ಪೆಕ್ಟರ್ ಸಾಹೇಬರು ಬಂದು ಕೂತು ಪಾಠ ಕೇಳುತ್ತಾರೆ, ಸರಿ ಕಾಣದಿದ್ದರೆ ದೂರದ ಊರಿಗೆ ಬದಲಿ ಎಂಬ ಸುದ್ದಿ ಹಬ್ಬಿತ್ತು.

ಮಾಸ್ತರರಿಗೆ ಐವತ್ತರ ಹತ್ತಿರದ ವಯಸ್ಸು. ಶಾಲೆ ಬಿಟ್ಟ ಮೇಲೆ ಪಾಟಿ ಹಿಡಿದು ನನ್ನೆದುರು ಕೂಡುತ್ತಿದ್ದರು. ಕಣ್ಣು ಎಳೆಯುತ್ತಿದ್ದವು. ಒತ್ತಕ್ಷರ ಬಂದರೆ ಬಳಪ ಕೆಳಗಿಟ್ಟು ಗೋಡೆಗೆ ಒರಗುತ್ತಿದ್ದರು.

"ಪಂಡಿತ್ರೀ, ನಿಮ್ಮ ಅಕ್ಷರದ ಕಾಲಾಗ ಮತ್ತೊಂದು ಅಕ್ಷರ ಯಾಕ್ರೀ? ಒಂಟಿಯಾಗಿ ನಿಲ್ಲಾಕ ಅಂಜಿಕಿ ಏನು?"

"ಇವತ್ತಿಗೆ ಸಾಕ್ರೀ. ಭಾಳ ದಣದೀರಿ."

"ದಣದೀನ್ರೀ. ಆದ್ರ ಈ ಊರು ಬಿಡಾಕ ಆಗಲ್ಲ. ನಮ್ಮಾಕಿ ಇಲ್ಲೇ ಮಲಗ್ಯಾಳ. ಶುಕ್ರವಾರ ನಾ ಹೋಗ್ಲಿಲ್ಲಂದ್ರ ಮತ್ಯಾರು ಹೋಗ್ತಾರ?" ಊರ ಹೊರಗಿನ ಖಬರಸ್ತಾನದಲ್ಲಿ ಅವರ ಹೆಂಡತಿಯ ಗೋರಿ ಇತ್ತು.

ಉರ್ದುವಿನಲ್ಲಿ 'ಮಯಾರ್-ಎ-ಅಸರ್' ಎನ್ನುವುದಕ್ಕೆ ಕನ್ನಡದಲ್ಲಿ ಏನನ್ನಬೇಕು ಎಂದು ಕೇಳಿದರು. ನಾನು ಉದ್ದನೆಯ ಸಂಸ್ಕೃತ ಪದವೊಂದನ್ನು ಕಟ್ಟಿಕೊಟ್ಟೆ. ಬಾಯೊಳಗೆ ಹೊರಳಿಸಿ ನೋಡಿ, "ಇದನ್ನ ಹೇಳಿ ಮುಗಿಸೂದ್ರಾಗ ಗಂಟಿ ಹೊಡೀತೈತ್ರೀ" ಎಂದರು. ಕೊನೆಗೆ 'ತಿರುವು' ಎಂದು ಇಟ್ಟುಕೊಂಡೆವು. ಭಾರವೊಂದು ವಸ್ತುವನ್ನು ಒಂದು ಬಿಂದುವಿನ ಸುತ್ತ ತಿರುಗಿಸಲು ನೋಡುವುದೇ ತಿರುವು. ಭಾರವನ್ನು, ಆ ಬಿಂದುವಿನಿಂದ ಅದಕ್ಕಿರುವ ದೂರದಿಂದ ಗುಣಿಸಿದರೆ ತಿರುವು ಬರುತ್ತದೆ. ವಸ್ತು ಅಲುಗದೆ ನಿಂತಿದ್ದರೆ ಈ ಕಡೆಯ ತಿರುವು, ಆ ಕಡೆಯ ತಿರುವು ಎರಡೂ ಸಮ.

ಅವರು ಕೊಡುತ್ತಿದ್ದ ಲೆಕ್ಕ ಇದು. ಇಬ್ಬರು ಹೊತ್ತ ಆರು ಮೊಳದ ಬಿದಿರು, ಅದಕ್ಕೆ ಮೂರು ಮಣದ ಹಂಡೆ, ಹಿಂದಿನವನ ಹೆಗಲಿಂದ ಎರಡು ಮೊಳ ದೂರ. ಯಾರ ಮೇಲೆ ಎಷ್ಟು ಭಾರ? ನಮ್ಮ ಹುಡುಗರು ಬಹಳಷ್ಟು ಅಂಗಡಿಕಾರರ ಮಕ್ಕಳು. ತಕ್ಕಡಿಯನ್ನು ನಡುವೆ ಹಿಡಿದು ಎತ್ತುವುದನ್ನು ತೊಟ್ಟಿಲಲ್ಲಿದ್ದಾಗಿನಿಂದ ಕಂಡವರು. ಬಿದಿರಿನ ನಡುಮಧ್ಯಕ್ಕೇ ತಿರುವಿನ ಬಿಂದು ಇಡುತ್ತಿದ್ದರು. ಆಗ ಗೊತ್ತಿಲ್ಲದ ಎರಡೂ ಭಾರ ಒಂದೇ ಸಾಲಿನಲ್ಲಿ ಬಂದು ಕೂತು ಲೆಕ್ಕ ಕಗ್ಗಂಟಾಗುತ್ತಿತ್ತು. ಬಿಂದುವನ್ನು ಒಬ್ಬನ ಹೆಗಲಿಗೇ ಒಯ್ದರೆ, ಅವನ ಭಾರಕ್ಕೆ ಅಲ್ಲಿಂದ ದೂರವೇ ಇಲ್ಲ. ಅದು ಲೆಕ್ಕದಿಂದ ಇಳಿದುಹೋಗುತ್ತದೆ, ಇನ್ನೊಬ್ಬನದು ಮಾತ್ರ ಉಳಿಯುತ್ತದೆ.

ಇದನ್ನು ಮಾಸ್ತರರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹುಡುಗರನ್ನು ತಪ್ಪಿನಲ್ಲೇ ನಿಲ್ಲಿಸಿ ಕಾಯುತ್ತಿದ್ದರು. "ಒಂದು ಮಾತು ಹೇಳಿದ್ರ ಮುಗೀತಲ್ರೀ" ಎಂದಿದ್ದೆ ಒಮ್ಮೆ. "ನಾ ಹೇಳಿದ್ರ ನನ್ನ ಲೆಕ್ಕ ಆಗ್ತೈತಿ. ದಣೀಲಿ ಬಿಡ್ರಿ. ದಣದ ಮ್ಯಾಲೆ ತಾನಾಗೇ ಜಾಗ ಬದಲಿ ಮಾಡ್ತಾನ."

ಇನ್ಸ್‌ಪೆಕ್ಟರ್ ಬಂದ ದಿನ ಹೆಡ್‌ಮಾಸ್ತರರೂ ನಾನೂ ಅವರ ಜೊತೆ ಹಿಂದಿನ ಬೆಂಚಿನಲ್ಲಿ ಕೂತೆವು. ಮಾಸ್ತರರು ಲೆಕ್ಕವನ್ನು ಹಲಗೆಯ ಮೇಲೆ ಬರೆದರು. ಒತ್ತಕ್ಷರ ಒಂದೂ ತಪ್ಪಲಿಲ್ಲ. ನನ್ನ ಎದೆ ಹಗುರಾಯಿತು. ಎಣ್ಣೆ ಅಂಗಡಿಯವರ ಮಗನನ್ನು ಕರೆದು ಸೀಮೆಸುಣ್ಣ ಕೊಟ್ಟರು. ಅವನು ನೇರ ನಡುಮಧ್ಯಕ್ಕೆ ಚುಕ್ಕಿ ಇಟ್ಟ. ಸಿಕ್ಕಿಬಿದ್ದ. ಅಳಿಸಿದ. ಮತ್ತೆ ಅಲ್ಲೇ ಇಟ್ಟ.

"ಏನ್ರೀ ಮಾಸ್ತರ, ಹುಡುಗ ತಪ್ಪು ಮಾಡಾಕತ್ತಾನ, ನೀವು ನೋಡ್ಕೋತ ನಿಂತೀರಿ. ತಿದ್ದಿ ಹೇಳಾಕ ಕನ್ನಡ ಬರಲ್ಲೇನು?" ಎಂದರು ಸಾಹೇಬರು.

"ಬರ್ತೈತ್ರೀ ಸಾಹೇಬ್ರ. ಸ್ವಲ್ಪ ತಡೀರಿ, ಅವನೂ ಬರ್ತಾನ."

ಹೇಳಿಬಿಡ್ರೀ ನಮ್ಮಪ್ಪ, ಎಂದು ನಾನು ಹಿಂದಿನಿಂದ ಕೈಸನ್ನೆ ಮಾಡಿದೆ. ಮಾಸ್ತರರು ನನ್ನ ಕಡೆ ನೋಡಿದರು, ಹುಡುಗನ ಕಡೆ ನೋಡಿದರು, ಕೈ ಕಟ್ಟಿಕೊಂಡು ನಿಂತರು. ಸಾಹೇಬರು ಗಡಿಯಾರ ನೋಡಿಕೊಂಡು ಎದ್ದು ಹೋದರು. ಹೆಡ್‌ಮಾಸ್ತರರು ಅವರ ಬೆನ್ನಿಗೆ ಓಡಿದರು.

ಜೀಪು ಗೇಟು ದಾಟಿರಬೇಕು... ಹುಡುಗ ತೋಳಿನಿಂದ ಬೆವರು ಒರೆಸಿಕೊಂಡು ಚುಕ್ಕಿಯನ್ನು ಮುಂದಿನವನ ಹೆಗಲಿಗೆ ಇಟ್ಟ. ಅಲ್ಲಿಂದ ಹಂಡೆ ನಾಲ್ಕು ಮೊಳ. ಮೂರು ನಾಲ್ಕಲೆ ಹನ್ನೆರಡು, ಆರರಿಂದ ಭಾಗಿಸಿದ. "ಹಿಂದಿನವಗ ಎರಡು ಮಣ ರೀ! ಮುಂದಿನವಗ ಒಂದ!"

"ಮತ್ತ ಇಷ್ಟೊತ್ತು ನಡುವ ನಿಂತು ಏನ್ಮಾಡಾಕತ್ತಿದ್ದೆಲೇ, ಎಣ್ಣಿ ಅಳ್ಯಾಕತ್ತಿದ್ದೇನು?" ಎಂದರು ಮಾಸ್ತರರು. ಹುಡುಗರು ಬಿದ್ದು ಬಿದ್ದು ನಕ್ಕರು. ಅವರು ಮೆಲ್ಲಗೆ ಕುರ್ಚಿ ಎಳೆದುಕೊಂಡು ಕೂತರು.

ಆ ತಿಂಗಳೊಳಗೆ ಬದಲಿ ಹುಕುಂ ಬಂತು. ಗದ್ವಾಲದಲ್ಲಿ ಸಣ್ಣ ಮಕ್ಕಳಿಗೆ ಉರ್ದು ಕಲಿಸುವ ಕೆಲಸ. ಬಸ್ಸಿನ ಹತ್ತಿರ ನಿಂತಾಗ, "ಒಂದು ಮಾತು ಹೇಳಬಹುದಿತ್ತಲ್ರೀ" ಎಂದೆ. "ಹೌದ್ರೀ, ಹೇಳಬಹುದಿತ್ತು" ಎಂದರು. ಅವತ್ತು ಬೆಳಿಗ್ಗೆಯೇ ಖಬರಸ್ತಾನಕ್ಕೆ ಹೋಗಿ ಬಂದಿದ್ದರು. ಅಂಗಿಯ ತುದಿಗೆ ಇನ್ನೂ ಮಣ್ಣು ಹತ್ತಿತ್ತು.

ಮದುವೆಮನೆಯಲ್ಲಿ ಇದನ್ನೆಲ್ಲ ಗೆಳೆಯರಿಗೆ ಹೇಳಲು ಹೊರಟೆ. ಅವರು ಬೀಗರನ್ನು ಊಟಕ್ಕೆ ಏಳಿಸುವ ಗಡಿಬಿಡಿಯಲ್ಲಿದ್ದರು. ಮಾಸ್ತರರನ್ನು ಕಂಡವರು ಈಗ ಯಾರು ಉಳಿದಿದ್ದಾರೆ... ನಾನೂ ಊಟಕ್ಕೆ ಎದ್ದೆ.

ಮಾಸ್ತರರು ಹೋದಾಗ ಗದ್ವಾಲ ನಮ್ಮ ರಾಯಚೂರು ಜಿಲ್ಲೆಯೊಳಗೇ ಇತ್ತು. ಐವತ್ತಾರರಲ್ಲಿ ರಾಜ್ಯಗಳನ್ನು ಬೇರೆ ಮಾಡಿದಾಗ ಅದು ಆಂಧ್ರದ ಪಾಲಾಯಿತು. ಮರುವರ್ಷ ಆ ಕಡೆ ಹೋಗಿ ಬಂದ ಗುಮಾಸ್ತರೊಬ್ಬರು ಸಿಕ್ಕು, ಮಾಸ್ತರರನ್ನು ಕಂಡುದಾಗಿ ಹೇಳಿದರು. ಶಾಲೆ ಬಿಟ್ಟ ಮೇಲೆ ಹರೆಯದ ತೆಲುಗು ಪಂಡಿತನೊಬ್ಬನ ಎದುರು ಪಾಟಿ ಹಿಡಿದು ಕೂತಿದ್ದರಂತೆ. ಆ ಮಳೆಗಾಲದಲ್ಲೇ ತೀರಿಕೊಂಡರು. ಅಲ್ಲೇ ಮಣ್ಣು ಮಾಡಿದರು.