ಉಲ್ಕೆಯ ಮುಂದೆ ಬೂಟು ಬಿಚ್ಚಿದವಳು

ನನಗೊಂದು ಕಲ್ಲಿನ ಹುಚ್ಚು ಹಿಡಿದಿದೆ. ಈ ವಯಸ್ಸಿನಲ್ಲಿ ಹಿಡಿಯಬಹುದಾದ ಹುಚ್ಚುಗಳ ಪೈಕಿ ಇದು ಹಾರ್ಮ್‌ಲೆಸ್ ಎಂದೇ ನನ್ನ ನಂಬಿಕೆ. ಕಲ್ಲೇನು ಶಹಾಪುರದವರಿಗೆ ಅಪರೂಪವೇ? ಕಿಟಕಿ ತೆರೆದರೆ ಬೆಟ್ಟ, ಮುಚ್ಚಿದರೆ ಬೆಟ್ಟದ ಕಾವು. ಆದರೆ ನನ್ನ ಕಲ್ಲು ಇರುವುದು ಟೀವಿಯೊಳಗೆ. ಅದು ಆಕಾಶದಿಂದ ಬಿದ್ದದ್ದು.

ಮುರಿದ ಮುಂಗೈಯ ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರು ಎರಡು ಅಪ್ಪಣೆ ಕೊಟ್ಟರು. ಬೆರಳು ಆಡಿಸುತ್ತಿರಬೇಕು, ಮತ್ತೆ ಜಾರದಂತೆ ಮನೆಯೊಳಗೂ ರಬ್ಬರ್ ಚಪ್ಪಲಿ ಹಾಕಿಕೊಂಡಿರಬೇಕು. ಎರಡನೆಯದನ್ನು ಗೊಣಗುತ್ತ ಒಪ್ಪಿಕೊಂಡೆ. ಮೊದಲನೆಯದಕ್ಕೆ ಮೊಮ್ಮಗಳು ಸಹನಾ ದಾರಿ ಹುಡುಕಿದಳು. ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಓದುವವಳು, ಭಾನುವಾರ ಬರುವಾಗ ತನ್ನ ವಿಡಿಯೋ ಗೇಮ್ ಹೊತ್ತು ತಂದು, "ಚೆಂಡು ಹಿಚುಕೋದು ಬ್ಯಾಡ ಆಯಿ, ಇದನ್ನ ಒತ್ತು" ಎಂದು ಕಂಟ್ರೋಲರ್ ಕೈಗಿಟ್ಟಳು.

ಗೇಮಿನ ನಾಯಕಿಗೆ ಲಿಲ್ಲಿ ಎಂದು ಹೆಸರಿಟ್ಟೆವು. ಲೀಲಾವತಿ ಎಂಬ ನನ್ನ ಹೆಸರನ್ನು ಕಾನ್ವೆಂಟಿನ ಸಿಸ್ಟರ್‌ಗಳು ಕತ್ತರಿಸಿ ಉಳಿಸಿದ ತುಂಡು ಅದು. ಈ ಲಿಲ್ಲಿ ಕತ್ತಿ ಬೀಸುತ್ತಾಳೆ, ತೋಳಗಳನ್ನು ಓಡಿಸುತ್ತಾಳೆ, ಕಷಾಯ ಕಾಯಿಸಿ ಗಾಯ ಮಾಯಿಸಿಕೊಳ್ಳುತ್ತಾಳೆ. ಆದರೆ ಅವಳಿಗೆ ಒಂದೇ ಜೀವ. ಸತ್ತರೆ ಹೊಸಬಳನ್ನು ಮೊದಲಿನಿಂದ ಬೆಳೆಸಬೇಕು. ಸಹನಾ ಬೇಕಂತಲೇ ಹಾಗಿಟ್ಟಿದ್ದಳು: "ಇಲ್ಲಂದ್ರ ನೀ ಹುಷಾರ್ ಇರಂಗಿಲ್ಲ."

ಬೇಸಿಗೆಯ ಭಾನುವಾರಗಳನ್ನೆಲ್ಲ ಅವಳಿಗೆ ಸುರಿದೆವು. ಎಲ್ಲವೂ ಆ ಕಲ್ಲಿಗಾಗಿ. ದೊಡ್ಡದೊಂದು ಗುಂಡಿ, ಸುತ್ತ ಸುಟ್ಟು ಕರಿದಾದ ನೆಲ, ನಡುವೆ ಆನೆ ಕೂತಂತೆ ಉಲ್ಕಾಶಿಲೆ, ಅದರ ಬಿರುಕುಗಳಲ್ಲಿ ನೀಲಿ ಬೆಳಕು. ಒಡೆದರೆ ಒಳಗೇನಿದೆ? ಸಹನಾಳೂ ಅಲ್ಲಿವರೆಗೆ ಹೋದವಳಲ್ಲ. ಇಂಟರ್ನೆಟ್ಟಿನಲ್ಲಿ ನೋಡುತ್ತೇನೆಂದಳು. ಬೇಡವೆಂದೆ. ಕಾದಂಬರಿಯ ಕೊನೆಯ ಪುಟ ಮೊದಲು ಓದುವವರ ಜೊತೆ ನಾನು ಮಾತೇ ಆಡುವುದಿಲ್ಲ.

ಬೀಳುವ ನಕ್ಷತ್ರ ನಕ್ಷತ್ರವೇ ಅಲ್ಲ, ಬರೀ ಕಲ್ಲು, ಕಬ್ಬಿಣ ಎಂದು ನಮ್ಮ ಸಿಸ್ಟರ್ ಸೈನ್ಸ್ ಕ್ಲಾಸಿನಲ್ಲಿ ಹೇಳಿದ್ದರು. ಸುರಪುರದ ನನ್ನಜ್ಜಿ ಮಾತ್ರ ನಕ್ಷತ್ರ ಬಿದ್ದರೆ, ಯಾರೋ ದೊಡ್ಡ ಜೀವ ಹೋಯಿತೆಂದು ಕೈಮುಗಿಯುತ್ತಿದ್ದಳು. ನಾನು ಇಬ್ಬರಿಗೂ ಬೇಸರ ಮಾಡಲಿಲ್ಲ. ಟರ್ಮ್ ಇದ್ದಾಗ ಸಿಸ್ಟರನ್ನು ನಂಬುತ್ತಿದ್ದೆ, ರಜೆಯಲ್ಲಿ ಅಜ್ಜಿಯನ್ನು.

ಕೊನೆಗೂ ಲಿಲ್ಲಿ ಗುಂಡಿಗೆ ಇಳಿದ ದಿನ ಸಹನಾ ಅಡುಗೆಮನೆಯಲ್ಲಿ ಚಹಾಕ್ಕಿಟ್ಟಿದ್ದಳು. ಪಕ್ಕದ ಮನೆಯ ಶರಣಮ್ಮ, ಕಕ್ಕೇರಾದ ಹೆಣ್ಣುಮಗಳು, ನನ್ನ ಪಕ್ಕ ಕೂತು ಮೆಂತ್ಯ ಸೊಪ್ಪು ಸೋಸುತ್ತಿದ್ದರು.

"ಇದು ಯಾವ ದೇವ್ರರಿ ಅಕ್ಕಾರ?"

"ದೇವ್ರಲ್ಲ ಶರಣಮ್ಮ, ಮಿಟಿಯೊರೈಟ್."

"ಮ್ಯಾಲಿಂದ ಬಂದದ, ತಾನಽ ಬೆಳಗಾಕತ್ತದ, ಮತ್ತ ದೇವ್ರಲ್ಲಂದ್ರ ಹ್ಯಾಂಗ್ರಿ? ನಿಮ್ಮ ಹುಡುಗಿ ನೋಡ್ರಿ, ಬೂಟ್ ಹಾಕ್ಕೊಂಡಽ ಹೊಂಟಾಳ!"

ನನ್ನ ಹೆಬ್ಬೆರಳು ನನ್ನನ್ನು ಕೇಳದೆ ಕೆಲಸ ಮಾಡಿತು. ಲಿಲ್ಲಿಯ ಬೂಟು ಬಿಚ್ಚಿಸಿಬಿಟ್ಟೆ. ಆ ನೆಲ ಕೆಂಡವೆಂಬುದೂ, ಕೆಂಡ ತುಳಿಯಲೆಂದೇ ಆ ಬೂಟನ್ನು ಅಲೆದಾಡಿ ಸಂಪಾದಿಸಿದ್ದೆಂಬುದೂ ನೆನಪಾಗುವಷ್ಟರಲ್ಲಿ ಹುಡುಗಿಯ ಕಾಲು ಹೊತ್ತಿಕೊಂಡಿತ್ತು.

"ಆಯೀ! ಬೂಟ್! ಬೂಟ್ ಹಾಕ್ಸು!" ಸಹನಾ ಕಪ್ಪು ಹಿಡಿದೇ ಓಡಿಬಂದಳು. ನಾನು ಗಾಬರಿಯಲ್ಲಿ ಎಲ್ಲ ಬಟನ್ನುಗಳನ್ನೂ ಒತ್ತಿದೆ. ಲಿಲ್ಲಿ ಒಮ್ಮೆ ಹಾರಿ, ಕಲ್ಲಿಗೆ ಕೈಯೆಟುಕುವಷ್ಟು ದೂರದಲ್ಲಿ ಮಗುಚಿ ಬಿದ್ದಳು.

ಸಹನಾ ಕಪ್ಪನ್ನು ನೆಲಕ್ಕಿಟ್ಟಳು. ಆಮೇಲೆ, "ಬೂಟ್ ಯಾಕ್ ಬಿಚ್ಚಿದಿ?" ಎಂದಳು. ಕಣ್ಣು ತುಂಬಿತ್ತು.

"ಮುಂದ ಅದು ಇತ್ತಲ್ಲವ್ವಾ..." ಎಂದೆ.

"ಪುಣ್ಯದ ಸಾವು ಬಿಡ್ರಿ," ಎಂದು ಶರಣಮ್ಮ ಮೆಂತ್ಯ ಎತ್ತಿಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದರು. ಅಳುತ್ತಿದ್ದ ಸಹನಾಗೆ ಆಗ ನಗು ಬಂತು.

ಇದೇ ಕೆಲಸವನ್ನು ನಾನು ಚಿಕ್ಕವಳಿದ್ದಾಗಲೂ ಮಾಡಿದ್ದೆ. ಕಾನ್ವೆಂಟಿನ ಮೊದಲ ದಿನ, ಚಾಪೆಲ್ ಬಾಗಿಲಲ್ಲಿ ಹೊಸ ಕರಿ ಶೂಸ್ ಬಿಚ್ಚಿ ಒಪ್ಪವಾಗಿ ಜೋಡಿಸಿಟ್ಟೆ. ಸಿಸ್ಟರ್ ಕಿವಿ ಹಿಡಿದು, ದೇವರ ಮುಂದೆ ಯಾರಾದರೂ ಬರಿಗಾಲಲ್ಲಿ ಬರುತ್ತಾರೆಯೇ ಎಂದು ಮತ್ತೆ ತೊಡಿಸಿದರು. ನಮ್ಮಲ್ಲಿ ಬರಿಗಾಲಲ್ಲೇ ಬರುವುದು ಎನ್ನಲು ಆಗ ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬಂದ ಮೇಲೆ ಹೇಳಬೇಕು ಎನಿಸಲಿಲ್ಲ.

ಮಳೆಗಾಲದ ಉದ್ದಕ್ಕೂ ಎರಡನೆಯ ಲಿಲ್ಲಿಯನ್ನು ಬೆಳೆಸಿದೆವು. ಈ ಸಲ ಕಂಟ್ರೋಲರ್ ಸಹನಾಳ ಕೈಯಲ್ಲಿ. ಲಿಲ್ಲಿ ಬೂಟುಗಾಲಲ್ಲೇ ನಡೆದು, ಕಲ್ಲಿನ ಮುಂದೆ ನಿಂತು ಸುತ್ತಿಗೆ ಎತ್ತಿದಳು.

"ಒಡೀಲೇನು ಆಯಿ?"

ನಾ ನೋಡಂಗಿಲ್ಲವ್ವಾ ಎಂದು ಶರಣಮ್ಮ ಮುಖ ತಿರುಗಿಸಿದರು. ಆದರೆ ಕನ್ನಡಕ ಹಾಕಿಕೊಂಡರು. ನನಗಂತೂ ಒಳಗೇನಿದೆಯೆಂದು ತಿಳಿಯಲೇಬೇಕಿತ್ತು.

"ಒಡಿ," ಎಂದೆ. "ಆದ್ರ ಮೊದ್ಲ ನಮಸ್ಕಾರ ಮಾಡ್ಸು."

ಸಹನಾ ತಡಕಾಡಿ ಬಾಗುವ ಬಟನ್ ಹುಡುಕಿದಳು. ಬೂಟು ತೊಟ್ಟ ಲಿಲ್ಲಿ ಸೊಂಟ ಬಗ್ಗಿಸಿದಳು. ಆಮೇಲೆ ಸುತ್ತಿಗೆ ಬಿತ್ತು. ಒಳಗೆ ಕಬ್ಬಿಣವಿತ್ತು. ಸಿಸ್ಟರ್ ಹೇಳಿದ್ದೇ ಸರಿ.

"ಇಷ್ಟಽ ಏನ್ರಿ?" ಎಂದರು ಶರಣಮ್ಮ. ಎಲ್ಲರಿಗಿಂತ ಹೆಚ್ಚು ನಿರಾಸೆ ಅವರಿಗೇ ಆಗಿತ್ತು.

ಚಹಾ ಮಾಡೋಣವೆಂದು ಎದ್ದೆ. ಅಂಗಾಲಿಗೆ ಬಂಡೆ ನೆಲ ತಣ್ಣಗೆ ತಾಗಿತು. ನನ್ನ ರಬ್ಬರ್ ಚಪ್ಪಲಿಗಳು, ಯಾವಾಗ ಕಳಚಿಕೊಂಡವೋ, ಸೋಫಾದ ಕೆಳಗೆ ಒಪ್ಪವಾಗಿ ಜೋಡಿಯಾಗಿ ಕೂತಿದ್ದವು.