ನೋವಾಗದ ದೇವರು

ಎರಡು ಸಾವಿರದ ಐದರ ಸುಮಾರಿಗೆ ನೈರೋಬಿಯ ಹೈರಿಡ್ಜ್‌ನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಮೇಷ್ಟ್ರು ಮಂಗಳೂರಿನವರು. ದಿನಾ ಕಾರಿನಲ್ಲಿ ಊರಾಚೆಯ ಕರೆನ್ ಬಡಾವಣೆಗೆ ಹೋಗಿ, ಪಾದ್ರಿಗಳಾಗಲಿದ್ದವರಿಗೆ ಚರ್ಚಿನ ಮೊದಲ ಶತಮಾನಗಳ ಚರಿತ್ರೆ ಹೇಳಿಕೊಡುತ್ತಿದ್ದರು. ಸಂಜೆ ಅವರ ಬಾಲ್ಕನಿಯಲ್ಲಿ ಕುಳಿತರೆ ಆ ಕಾಲದ ಜಗಳಗಳೆಲ್ಲ ನಿನ್ನೆ ಕೆಳಗಿನ ರಸ್ತೆಯಲ್ಲಿ ನಡೆದಂತೆ ಕೇಳಿಸುತ್ತಿದ್ದವು. ಯೇಸು ಬರೀ ಮನುಷ್ಯ, ದೇವರು ದತ್ತು ತೆಗೆದುಕೊಂಡ ಮಗ ಎಂದು ಒಂದು ಪಂಗಡ; ಮಗನಾದರೂ ತಂದೆಗೆ ಸಮನಲ್ಲ ಎಂದು ಇನ್ನೊಂದು. ಇವರ ಮೇಲೆ ಮೇಷ್ಟ್ರಿಗೆ ಸಿಟ್ಟಿರಲಿಲ್ಲ. ಯೇಸು ದೇವರೇ, ಅವನ ಮೈ ಬರೀ ತೋರಿಕೆ, ಶಿಲುಬೆಯ ಮೇಲೆ ಅವನಿಗೆ ನೋವೇ ಆಗಲಿಲ್ಲ ಎಂದವರನ್ನು ಮಾತ್ರ ಅವರು ಸಹಿಸುತ್ತಿರಲಿಲ್ಲ. ತಮ್ಮ ಮುಂಗೈಯನ್ನು ಕೆಂಪಾಗುವಷ್ಟು ಚಿವುಟಿಕೊಂಡು, "ನೋವಾಗದ ದೇವರನ್ನು ಕಟ್ಟಿಕೊಂಡು ನಾವು ಎಂತ ಮಾಡುದು ಮಾರಾಯ್ರೆ?" ಎನ್ನುತ್ತಿದ್ದರು. ಮನೆಯಲ್ಲಿ ಕೊಂಕಣಿಯಾಡುವ ಅವರ ಹೆಂಡತಿ, ನನಗೂ ತಿಳಿಯಲೆಂದು ಕನ್ನಡದಲ್ಲೇ, "ಚಾ ತಣ್ಣಗಾಯ್ತು, ಸತ್ತವರನ್ನು ಇನ್ನಾದರೂ ಬಿಡಿ" ಎಂದು ಒಳಗಿನಿಂದ ಕೂಗುತ್ತಿದ್ದರು.

ಆಕೆಗೆ ಕ್ಯಾನ್ಸರ್ ಬಂದು ಮೂಳೆಗೆ ಹರಡಿತು. ಆಸ್ಪತ್ರೆಯಲ್ಲಿ ನಾನು ಕೊನೆಯ ಸಲ ನೋಡಿದಾಗ ಹೊದಿಕೆ ತಾಗಿದರೂ ಆಕೆ ನರಳುತ್ತಿದ್ದರು. ಮೇಷ್ಟ್ರ ಕೈ ಆಕೆಯ ತೋಳಿನ ಮೇಲೆ, ಮುಟ್ಟಲಾರದೆ, ಗಾಳಿಯಲ್ಲೇ ನಿಂತಿತ್ತು. ಸಮಾಧಾನಕ್ಕೆಂದು ನಾನು ಅವರದೇ ಪಾಠವನ್ನು ನೆನಪಿಸಿದೆ: "ನಿಮ್ಮ ದೇವರಿಗೂ ನೋವಾಗಿತ್ತಲ್ವಾ ಸರ್, ಅವನಿಗೆ ಅರ್ಥ ಆಗತ್ತೆ."

ಅವರು ನನ್ನತ್ತ ತಿರುಗಲಿಲ್ಲ.

"ಅರ್ಥ ಆಗಿ ಎಂತ ಮಾಡುದು ಮಾರಾಯ್ರೆ? ಇವಳ ಮೈಯಾದರೂ ಬರೀ ತೋರಿಕೆ ಆಗಬಾರದಿತ್ತಾ?"