ಫಂಡಿನಿಂದ ವಾಪಸ್ ತೆಗೆದ ರೊಕ್ಕ

ಅವ್ವ ತೀರಿಕೊಂಡ ವರ್ಷವೇ ನನ್ನ ಬ್ಯಾಂಕ್ ಠೇವಣಿಯ ಅವಧಿಯೂ ಮುಗಿಯಿತು. ಅವಳ ಔಷಧಿಗೆ, ಆಸ್ಪತ್ರೆಗೆ ಬೇಕಾದೀತೆಂದು ಶಾಲೆಯ ಸಂಬಳದಲ್ಲಿ ಉಳಿಸಿಟ್ಟ ರೊಕ್ಕ ಅದು. ಈಗ ಅದಕ್ಕೆ ಕೆಲಸವೇ ಇರಲಿಲ್ಲ. ನಾನು ಮದುವೆಯಾದವಳಲ್ಲ. ನವಲಗುಂದದ ಮನೆಯಲ್ಲಿ ಒಬ್ಬಳೇ ಉಳಿದೆ. ಇಡೀ ದಿನದಲ್ಲಿ ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಮೊರಬದ ಶಾಲೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಮಾತ್ರ, ಆ ಊರಿನ ಆಸ್ಪತ್ರೆಯ ನರ್ಸ್ ಜೊತೆ. ನನಗಿಂತ ಚಿಕ್ಕವಳು. ಮೊದಲು ಹತ್ತಿದವರು ಇನ್ನೊಬ್ಬರಿಗೆ ಜಾಗ ಹಿಡಿಯುತ್ತಿದ್ದೆವು.

"ಮತ್ತ ಎಫ್‌ಡಿನ ಮಾಡಸ್ತೀರೇನ್ರಿ ಅಕ್ಕೋರ?" ಎಂದಳು. "ಅರ್ಧಾ ಮ್ಯೂಚುವಲ್ ಫಂಡಿಗೆ ಹಾಕ್ರಿ. ನಾವೂ ಹಾಕೇವಿ."

"ಮುಳುಗಿದ್ರ ಏನ್ ಮಾಡ್ಲೆವಾ?"

"ಏರತೈತಿ, ಇಳೀತೈತಿ. ಐದಾರು ವರ್ಷ ಅದರ ಕಡೆ ನೋಡಬಾರ್ದ್ರಿ. ನಿಮಗೇನ್ ಅವಸರ ಐತಿ?"

ನಿಜ, ನನಗೆ ಯಾವ ಅವಸರವೂ ಇರಲಿಲ್ಲ. ಅರ್ಧ ಬ್ಯಾಂಕಿನಲ್ಲೇ ಬಿಟ್ಟು ಉಳಿದದ್ದನ್ನು ಫಂಡಿಗೆ ಹಾಕಿದೆ. ನನ್ನ ಮೊಬೈಲಿನಲ್ಲಿ ಅವಳೇ ಎಲ್ಲ ಮಾಡಿಕೊಟ್ಟಳು. ಮೊದಲ ಕೆಲವು ತಿಂಗಳು ಇಬ್ಬರೂ ಅದನ್ನು ತೆರೆದು ನೋಡಿ ಹಿಗ್ಗುತ್ತಿದ್ದೆವು. ನೋಡಬಾರದೆಂದವಳೇ ಮೊದಲು ಇಣುಕುತ್ತಿದ್ದಳು.

ಆಮೇಲೆ ಮಾರುಕಟ್ಟೆ ಬಿತ್ತು. ಹಾಕಿದ್ದಕ್ಕಿಂತ ಕಡಿಮೆಯಾಯಿತು. ನನಗೆ ಕಸಿವಿಸಿಯಾಯಿತು, ಆದರೆ ನಿದ್ದೆಗೆಡುವಷ್ಟಲ್ಲ. ನಿದ್ದೆಗೆಟ್ಟವಳು ಅವಳು. "ಎಷ್ಟಕ್ಕ ಬಂತ್ರಿ ಅಕ್ಕೋರ?" ಎಂದು ದಿನವೂ ಕೇಳುವಳು. "ಇರ್ಲಿ ಬಿಡವಾ" ಎಂದರೂ ಅವಳ ಮುಖ ತಿಳಿಯಾಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಬಸ್ ಹತ್ತಿದರೆ, ಡ್ರೈವರ್ ಹಿಂದಿನ ಸೀಟಿನಲ್ಲಿ ಬೇರೆ ಯಾರದೋ ಬಾಜು ಕೂತಿದ್ದಳು. ಮರುದಿನವೂ ಹಾಗೇ. ನಾನು ಹಿಂದೆ ಕಿಟಕಿಯ ಪಕ್ಕ ಕೂತು ಕಡಲೆ ಹೊಲಗಳನ್ನು ನೋಡುತ್ತ ಹೋದೆ.

ಈ ರೊಕ್ಕವೊಂದು ನಡುವೆ ಇಲ್ಲದಿದ್ದರೆ ಅವಳು ತಿರುಗಿ ಬಂದಾಳು ಅನ್ನಿಸಿತು. ನಷ್ಟದಲ್ಲೇ ಎಲ್ಲವನ್ನೂ ತೆಗೆದು ಬ್ಯಾಂಕಿನಲ್ಲಿ ಠೇವಣಿ ಮಾಡಿಸಿದೆ. ಮೊರಬದಲ್ಲಿ ಬಸ್ ಇಳಿದ ಕೂಡಲೇ ಅವಳನ್ನು ತಡೆದು ಹೇಳಿದೆ. "ಫಂಡಿನ ರೊಕ್ಕಾ ತಗದು ಎಫ್‌ಡಿ ಮಾಡಿಸಿದೆ. ಮುಗೀತು ನೋಡವಾ, ಇನ್ನ ಆ ಮಾತ ಬ್ಯಾಡ."

ಅವಳ ಕಣ್ಣು ತುಂಬಿ ಬಂತು. "ಈಗ್ಯಾಕ ತಗದ್ರಿ? ತಡದಿದ್ರ ಏರತಿತ್ತಲ್ರಿ. ಇನ್ನ ಅದನ್ನ ನಾನ ಕಳದಂಗ ಆತು."

ಫಂಡು ಏರಿದ ದಿನ ನನ್ನ ಪಕ್ಕ ಬಂದು ಕೂಡಬೇಕೆಂದು ಕಾಯುತ್ತಿದ್ದಳೇನೋ. ಆ ದಾರಿಯನ್ನು ನಾನೇ ಮುಚ್ಚಿದ್ದೆ. ಕೆಲ ದಿನಗಳಲ್ಲೇ ಅವಳು ಗಂಡನ ಬೈಕಿನಲ್ಲಿ ಬರತೊಡಗಿದಳು. ಆಮೇಲೆ ಅವಳಿಗೆ ಕುಂದಗೋಳಕ್ಕೆ ವರ್ಗವಾಯಿತು. ಮಾರುಕಟ್ಟೆ ಮತ್ತೆ ಏರಿದ ಸುದ್ದಿಯನ್ನು ಟಿವಿಯಲ್ಲಿ ನೋಡಿದಾಗ ನನಗೆ ನಷ್ಟದ ನೆನಪಾಗಲಿಲ್ಲ. ಅವಳಿಗೆ ಫೋನ್ ಮಾಡಲೇ ಎಂದು ಕೂತೆ, ಮಾಡಲಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ಕುಂದಗೋಳಕ್ಕೆ ಹೋಗಿದ್ದೆ. "ಬರ್ರಿ ಬರ್ರಿ ಅಕ್ಕೋರ" ಎಂದು ಕೈಹಿಡಿದು ಒಳಗೆ ಕರೆದಳು, ಉಪ್ಪಿಟ್ಟು ಮಾಡಿದಳು. ಶಾಲೆ, ಆಸ್ಪತ್ರೆ, ಮಳೆ ಎಲ್ಲ ಮಾತಾಡಿದೆವು. ನಡುವೆ ಅವಳ ಗಂಡ, "ನಮ್ಮ ಫಂಡ್ ಈಗ ಅಗದಿ ಚಲೋ ಏರೇತ್ರಿ" ಎಂದ. ಅವಳು ಚಹಾದ ನೆಪ ಮಾಡಿ ಎದ್ದು ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಅಡುಗೆಮನೆಗೆ ಹೋಗಿ ಅವಳ ಹತ್ತಿರ ನಿಲ್ಲಬೇಕೆನ್ನಿಸಿತು. ಕೂತಲ್ಲಿಂದ ಏಳಲಾಗಲಿಲ್ಲ.

"ಇನ್ನೊಮ್ಮಿ ಬರ್ರಿ" ಎಂದು ಬಾಗಿಲವರೆಗೂ ಬಂದು ಕಳಿಸಿದಳು. ನವಲಗುಂದ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಬೀಗ ತೆಗೆದು, ಒಬ್ಬಳಿಗಾಗುವಷ್ಟು ಅನ್ನಕ್ಕಿಟ್ಟೆ.